ಹಗೇವಿನ ಹಸಿವು: ನಮ್ಮ ಮೂರು ತಾಲ್ಲೂಕುಗಳ ಬರೆಯದ ಇತಿಹಾಸ

ಪಠ್ಯಪುಸ್ತಕದ ಇತಿಹಾಸಕ್ಕೆ ಇಸವಿಗಳಿರುತ್ತವೆ, ಅರಸರ ಹೆಸರುಗಳಿರುತ್ತವೆ. ಮನೆಯ ಇತಿಹಾಸಕ್ಕೆ ಇವೆರಡೂ ಇರುವುದಿಲ್ಲ. ಅದು ರೂಢಿಗಳ ರೂಪದಲ್ಲಿ ಉಳಿದಿರುತ್ತದೆ. ಅಜ್ಜಿ ಏಕೆ ರೊಟ್ಟಿಗಳನ್ನು ಎಣಿಸಿ ಇಡುತ್ತಿದ್ದಳು, ತಂದೆ ಏಕೆ ರಾತ್ರಿ ಎರಡೆರಡು ಸಲ ಎದ್ದು ಅಗಳಿ ಮುಟ್ಟಿ ನೋಡುತ್ತಿದ್ದರು, ನಾವೇಕೆ ತಟ್ಟೆಯ ಮುಂದೆ ಕುಳಿತೊಡನೆ ಯಾರೋ ಬೆನ್ನಟ್ಟಿ ಬಂದವರಂತೆ ಗಬಗಬನೆ ಉಣ್ಣುತ್ತೇವೆ ಎಂದು ಯಾರೂ ಕೇಳುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಶಾಲೆಗಳಲ್ಲಿ ಮೂವತ್ತಾರು ವರ್ಷ ಇತಿಹಾಸ ಬೋಧಿಸಿ, ಈಗ ಎಂಬತ್ತರ ಹೊಸ್ತಿಲಲ್ಲಿರುವ ನನಗೆ ಈ ಪ್ರಶ್ನೆಗಳೇ ದೊಡ್ಡವಾಗಿ ಕಾಣುತ್ತಿವೆ. ಹಿರಿಯರು ಕಂಡ ಹಸಿವು ಮತ್ತು ಭಯ ಅವರೊಂದಿಗೇ ಮಣ್ಣಾಗುವುದಿಲ್ಲ. ಮಕ್ಕಳ ಮೊಮ್ಮಕ್ಕಳ ಊಟದಲ್ಲಿ, ನಿದ್ದೆಯಲ್ಲಿ, ಕಡೆಗೆ ರಕ್ತದಲ್ಲಿಯೂ ಉಳಿದು ಬರುತ್ತವೆ. ಈ ಮಾತಿಗೆ ನಮ್ಮ ಸೀಮೆಗಿಂತ ಒಳ್ಳೆಯ ಸಾಕ್ಷಿ ಬೇರೆ ಬೇಕಿಲ್ಲ.

ಓದುಗರಲ್ಲಿ ದೂರದ ಊರಿನವರೂ ಇರುವುದರಿಂದ ಸೀಮೆಯ ಪರಿಚಯ ಎರಡು ಮಾತಿನಲ್ಲಿ ಹೇಳುತ್ತೇನೆ. ಸುರಪುರ ಮತ್ತು ಶಹಾಪುರಗಳು ಕೃಷ್ಣೆ ಮತ್ತು ಭೀಮೆಯರ ನಡುವಣ ನೆಲ. ಯಾದಗಿರಿ ಪಟ್ಟಣ ಭೀಮೆಯ ಆಚೆಯ ದಂಡೆಯದು. ಹಿಂದೆ ಗುಲಬರ್ಗಾ ಜಿಲ್ಲೆಯ ಭಾಗವಾಗಿದ್ದ ಈ ತಾಲ್ಲೂಕುಗಳು 2009ರ ಡಿಸೆಂಬರ್ ಕೊನೆಯಲ್ಲಿ ಯಾದಗಿರಿ ಜಿಲ್ಲೆಯಾಗಿ ಬೇರೆಯಾದವು. ಎರಡು ದೊಡ್ಡ ಹೊಳೆಗಳ ನಡುವೆ ಇದ್ದರೂ ಬಾಯಾರಿದ ನೆಲ ಇದು. ಮೇಲಾಗಿ ದಂಡು ದಾಳಿಗಳ ದಾರಿ. ಔರಂಗಜೇಬನು ತನ್ನ ಮುಪ್ಪಿನಲ್ಲಿ, 1705ರಲ್ಲಿ, ತಾನೇ ಮುಂದೆ ನಿಂತು ನಡೆಸಿದ ಕೊನೆಯ ದೊಡ್ಡ ಮುತ್ತಿಗೆ ಸುರಪುರದ ಬೇಡ ನಾಯಕರ ವಾಗಣಗೇರಾ ಕೋಟೆಯದು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ, ಎಳೆಯ ಪ್ರಾಯದಲ್ಲಿಯೇ ಪ್ರಾಣ ಕಳೆದುಕೊಂಡರು. ಎರಡು ವರ್ಷಗಳ ತರುವಾಯ ಸಂಸ್ಥಾನ ನಿಜಾಮನ ಪಾಲಾಯಿತು. ಅರಸರ ಈ ಕಥೆಯನ್ನು ಮಕ್ಕಳು ಕಂಠಪಾಠ ಮಾಡಿ ಒಪ್ಪಿಸುತ್ತಾರೆ. ದಂಡು ಬಂದಾಗ ಬೆಳೆಯನ್ನು ಬಿಟ್ಟು ಅಡವಿ ಸೇರಿದ ಒಕ್ಕಲಿನ ಕಥೆ ಯಾವ ಪಾಠದಲ್ಲಿಯೂ ಇಲ್ಲ. ಕಂದಾಯ ದಫ್ತರದ ಒಂದು ಪದದಲ್ಲಿ ಮಾತ್ರ ಅದರ ಗುರುತು ಇದೆ: ‘ಬೇಚಿರಾಖ್’. ಚಿರಾಗು ಎಂದರೆ ದೀಪ. ದೀಪವಿಲ್ಲದ ಊರು ಬೇಚಿರಾಖ್ ಗ್ರಾಮ. ಬರ, ಬೇನೆ, ದಾಳಿಗಳಿಗೆ ಬರಿದಾದ ಅಂಥ ಊರುಗಳ ಹೆಸರು ನಮ್ಮ ದಫ್ತರಗಳಲ್ಲಿ ಈಗಲೂ ಉಳಿದಿವೆ.

ಬರಗಳಲ್ಲಿ ಎರಡನ್ನು ಹೆಸರಿಸಲೇಬೇಕು. 1791-92ರ ‘ಡೋಗಿ ಬರ’ ಎಂದರೆ ತಲೆಬುರುಡೆಗಳ ಬರ. ಸತ್ತವರಿಗೆ ಸಂಸ್ಕಾರ ಮಾಡುವಷ್ಟು ಜನರೂ ಉಳಿಯದೆ ಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂದು ಆ ಹೆಸರು. ಎರಡನೆಯದು ಧಾತು ಸಂವತ್ಸರದಲ್ಲಿ ಮೊದಲಾದ 1876-78ರ ಬರ. ಹೈದರಾಬಾದು, ಮುಂಬಯಿ, ಮದರಾಸು, ಮೈಸೂರು ಸೀಮೆಗಳನ್ನೆಲ್ಲ ಅದು ಒಟ್ಟಿಗೆ ಹಿಡಿಯಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿದ್ದದ್ದು 1881ರ ಗಣತಿಯಲ್ಲಿ 42 ಲಕ್ಷದ ಹತ್ತಿರಕ್ಕೆ ಇಳಿದಿತ್ತೆಂದರೆ ಉಳಿದದ್ದನ್ನು ಊಹಿಸಬಹುದು.

ಈ ಧಾತು ಬರವನ್ನು ನಾನು ಮೊದಲು ಕೇಳಿದ್ದು ಪುಸ್ತಕದಿಂದಲ್ಲ, ನಮ್ಮ ಆಯಿಯಿಂದ. ನಮ್ಮ ಕಡೆ ಅಜ್ಜಿಯನ್ನು ಆಯಿ ಎನ್ನುತ್ತೇವೆ. ಆಯಿಯೂ ಅದನ್ನು ಕಂಡವಳಲ್ಲ. ಅವಳ ಅತ್ತೆ ಎಂಟು ವರ್ಷದ ಹುಡುಗಿಯಾಗಿದ್ದಾಗ ಅದನ್ನು ದಾಟಿ ಬಂದವಳು. ಒಡಹುಟ್ಟಿದವರಲ್ಲಿ ಅವಳೊಬ್ಬಳೇ ಉಳಿದಿದ್ದಳು. ಸೊಸೆಯಾಗಿ ಬಂದ ಆಯಿಗೆ ಅತ್ತೆ ಕೊಟ್ಟ ಬಳುವಳಿಯೆಂದರೆ ಒಂದು ಬೀಗದ ಕೈ ಮತ್ತು ಒಂದು ಮಾತು: “ಹಗೇವ ತುಂಬಿದ್ರೂ ಹೊಟ್ಟಿ ಅರ್ಧ ಇರ್ಲಿ.”

ಹಗೇವು ಎಂದರೆ ಏನೆಂದು ಇಂದಿನ ಮಕ್ಕಳಿಗೆ ತಿಳಿಯದು. ನೆಲದಲ್ಲಿ ಆಳವಾಗಿ ತೋಡಿ, ಒಳಮೈಗೆ ಜೋಳದ ದಂಟು ಹುಲ್ಲು ಹೊದಿಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಎಳೆಯುತ್ತಿದ್ದರು. ಮೇಲೆ ನಡೆದಾಡುವವನಿಗೆ ಕೆಳಗೆ ಅನ್ನವಿದೆಯೆಂಬ ಸುಳಿವು ಸಿಗಬಾರದು. ಬರಕ್ಕೂ ಲೂಟಿಗೂ ಒಟ್ಟಿಗೆ ಹೂಡಿದ ಉಪಾಯ ಇದು. ಹೆಚ್ಚು ಹೊತ್ತು ಮುಚ್ಚಿದ್ದ ಹಗೇವಿಗೆ ಇಳಿದವನು ಉಸಿರುಕಟ್ಟಿ ಸಾಯುವುದೂ ಉಂಟು. ಅದಕ್ಕೇ ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು, ದೀಪ ಆರಿದರೆ ಇಳಿಯುತ್ತಿರಲಿಲ್ಲ.

ಆಯಿಯ ದಿನಚರಿಯೆಲ್ಲವೂ ಆ ಹಗೇವಿನ ಸುತ್ತಲೇ ಇತ್ತು. ಸುಟ್ಟ ರೊಟ್ಟಿಗಳನ್ನು ಒಣಗಿಸಿ ಕಟಕ ರೊಟ್ಟಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಜಂತಿಗೆ ತೂಗುಹಾಕುತ್ತಿದ್ದಳು. ನೆಲಕ್ಕೆ ಬಿದ್ದ ಕಾಳನ್ನು ಬೆರಳ ತುದಿಯಿಂದ ಒಂದೊಂದಾಗಿ ಆಯುತ್ತಿದ್ದಳು. ಮಲಗುವಾಗ ತಲೆದೆಸೆಯಲ್ಲಿ ಹುರಿದ ಕಡಲೆಯ ಸಣ್ಣ ಗಂಟು ಇರಲೇಬೇಕು. ಗಂಡಸರು, ಮಕ್ಕಳು, ಆಳುಗಳು ಉಂಡ ಮೇಲೆ ಕಡೆಯಲ್ಲಿ ತಾನು ಉಣ್ಣುತ್ತಿದ್ದಳು, ಅದೂ ಉಳಿದದ್ದನ್ನು. ಮನೆಯ ಬಸುರಿ ಹೆಣ್ಣುಮಕ್ಕಳಿಗೂ ಆಕೆಯದು ಅದೇ ಬುದ್ಧಿವಾದ: ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ. ನನ್ನ ಅವ್ವ ನನ್ನನ್ನು ಹೊತ್ತದ್ದು ಹೀಗೆ ಅರೆಹೊಟ್ಟೆಯಲ್ಲಿ. ಹಗೇವು ತುಂಬಿದ ಮನೆಯಲ್ಲಿ ಬಸುರಿ ಹಸಿದಿದ್ದಳು! ಆಯಿ ಕ್ರೂರಿಯಾಗಿರಲಿಲ್ಲ. ಅವಳ ಅತ್ತೆ ಕಂಡ ಬರ ಆ ಮನೆಯಲ್ಲಿ ಮುಗಿದಿರಲಿಲ್ಲ, ಅಷ್ಟೇ.

ಹಗೇವು ಇದ್ದವರ ಮಾತಾಯಿತು. ಊರಿನಲ್ಲಿ ಹೆಚ್ಚಿನವರಿಗೆ ಅದೂ ಇರಲಿಲ್ಲ. ನಮ್ಮ ಹೊಲದಲ್ಲಿ ದುಡಿಯುತ್ತಿದ್ದ ಕುಟುಂಬಗಳಿಗೆ ಸುಗ್ಗಿಯ ದಿನ ಕಣದಲ್ಲಿ ಸಿಕ್ಕ ಕಾಳೇ ವರ್ಷದ ಆಸರೆ. ಅವರ ಮಕ್ಕಳಲ್ಲಿ ಕೆಲವರು ಮುಂದೆ ನನ್ನ ತರಗತಿಯಲ್ಲಿ ಕುಳಿತರು. ನಮ್ಮ ಮನೆಯ ಭಯ ಕೂಡಿಡುವ ಭಯವಾಗಿದ್ದರೆ ಅವರದು ಬೇರೆ ಬಗೆಯದು: ಸಿಕ್ಕಾಗ ಉಂಡುಬಿಡು, ನಾಳೆ ಯಾರು ಕಂಡಾರು. ಒಂದೇ ಬರ ಎರಡು ಕೇರಿಗಳಿಗೆ ಎರಡು ಬೇರೆ ರೂಢಿಗಳನ್ನು ಕಲಿಸಿತ್ತು.

ಹಸಿವಿನ ಮಾತು ಇಲ್ಲಿಗೆ ನಿಲ್ಲಿಸಿ ಭಯದ ಮಾತಿಗೆ ಬರುತ್ತೇನೆ. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗ ನಾವು ಸ್ವತಂತ್ರರಾಗಲಿಲ್ಲ; ಹೈದರಾಬಾದು ಸಂಸ್ಥಾನದಲ್ಲಿದ್ದ ನಮಗೆ ಮತ್ತೆ ಹದಿಮೂರು ತಿಂಗಳು ಕಾಯಬೇಕಾಯಿತು. ಆ ತಿಂಗಳುಗಳಲ್ಲಿ ರಜಾಕಾರರ ಹಾವಳಿಗೆ ಹೆದರಿ ಎಷ್ಟೋ ಕುಟುಂಬಗಳು ಪಡುವಣ ಗಡಿ ದಾಟಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ತಾಳಿಕೋಟೆಯ ಕಡೆಗೆ ಹೋದವು. ಎರಡು ವರ್ಷದ ಕೂಸಾಗಿದ್ದ ನನ್ನನ್ನು ಅವ್ವ ಕಂಕುಳಲ್ಲಿ ಎತ್ತಿಕೊಂಡು, ಬಾಯಿಗೆ ಸೆರಗಿನ ತುದಿ ಒತ್ತಿ, ಇರುಳಿನಲ್ಲಿ ನಡೆದಳಂತೆ. ನನಗೆ ಅದರ ನೆನಪು ಒಂದಿಷ್ಟೂ ಇಲ್ಲ. ಅಪ್ಪನಿಗೆ ಇತ್ತು. ಅವರು ಬಾಗಿಲಿಗೆ ಬೆನ್ನು ಮಾಡಿ ಕುಳಿತದ್ದನ್ನು ನಾನು ನೋಡಲೇ ಇಲ್ಲ. ಸಂಜೆಯಾದ ಮೇಲೆ ಬೀದಿಯ ಕಡೆಯ ಕಿಟಕಿಯಲ್ಲಿ ದೀಪ ಇಡಗೊಡುತ್ತಿರಲಿಲ್ಲ. ಹೊಲದ ಕಾಗದಪತ್ರ, ಒಂದಿಷ್ಟು ಬೆಳ್ಳಿ ಮತ್ತು ಒಂದು ಜೊತೆ ಬಟ್ಟೆ ಸದಾ ತಗಡಿನ ಟ್ರಂಕಿನಲ್ಲಿ, ಎತ್ತಿಕೊಂಡು ಹೊರಡಲು ಸಿದ್ಧ. ಏನಾದರೂ ಕೇಳಿದರೆ, “ಆ ಸುದ್ದಿ ಬ್ಯಾಡ ತಮ್ಮಾ, ಓದ್ಕೋ ಹೋಗು” ಎನ್ನುತ್ತಿದ್ದರು. ಅರವತ್ತೆರಡನೆಯ ವಯಸ್ಸಿನಲ್ಲಿ ರಕ್ತದೊತ್ತಡ ಏರಿ ಲಕ್ವ ಹೊಡೆದು ತೀರಿಕೊಂಡರು. ಹದಿಮೂರು ತಿಂಗಳ ಭಯವೇ ಅವರನ್ನು ಕೊಂದಿತೆಂದು ಹೇಳುವ ಧೈರ್ಯ ನನಗಿಲ್ಲ. ಮೂವತ್ತು ವರ್ಷ ಅವರು ನೆಮ್ಮದಿಯಾಗಿ ಒಂದು ರಾತ್ರಿ ಮಲಗಿದ್ದನ್ನು ಕಂಡಿಲ್ಲವೆಂದು ಮಾತ್ರ ಹೇಳಬಲ್ಲೆ.

ಇತಿಹಾಸದ ಮೇಷ್ಟರಾದವನು ಇಷ್ಟಕ್ಕೆ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಬಂದು 17ರಂದು ನಿಜಾಮರು ಶರಣಾದರು. ಮುಂದಿನ ವಾರಗಳಲ್ಲಿ ಸೇಡಿನ ಅಲೆ ಎದ್ದು, ರಜಾಕಾರರೊಂದಿಗೆ ಯಾವ ಸಂಬಂಧವೂ ಇಲ್ಲದ ಸಾವಿರಾರು ಮುಸ್ಲಿಮರು ಹತರಾದರು. ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ ಸತ್ತವರ ಸಂಖ್ಯೆಯನ್ನು 27 ರಿಂದ 40 ಸಾವಿರವೆಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾವೂ ಒಂದು. ವರದಿ ಸಾರ್ವಜನಿಕರ ಕೈಗೆ ಸಿಕ್ಕಿದ್ದು ಆರು ದಶಕಗಳ ಮೇಲೆ, 2013ರಲ್ಲಿ. ನನ್ನ ಜೊತೆ ಗಣಿತ ಕಲಿಸುತ್ತಿದ್ದ ಗೆಳೆಯನೊಬ್ಬನಿದ್ದ. ಹದಿನೈದು ವರ್ಷ ಒಂದೇ ಡಬ್ಬಿಯಲ್ಲಿ ಉಂಡ ಮೇಲೆ ಒಂದು ದಿನ ಹೇಳಿದ: “ಸಪ್ಟಂಬರ್ ಬಂತಂದ್ರ ನಮ್ಮಮ್ಮ ಮಾತ ಬಿಡ್ತಿದ್ಲು ಸರ್. ಊಟಾನೂ ಅಷ್ಟಕ್ಕಷ್ಟ. ಅಪ್ಪ ಹ್ಯಾಂಗ ಹೋದ ಅಂತ ನಾ ಕೇಳ್ಲಿಲ್ಲ, ಆಕಿ ಹೇಳ್ಲಿಲ್ಲ.” ಅವನಿಗೂ ಆ ತಿಂಗಳಲ್ಲಿ ಹೊಟ್ಟೆಯುರಿ, ನಿದ್ದೆಗೇಡು. ನಮ್ಮಪ್ಪ ಅಗಳಿ ನೋಡುತ್ತಿದ್ದರು, ಅವನ ತಾಯಿ ಬಾಯಿಗೇ ಅಗಳಿ ಹಾಕಿಕೊಂಡಿದ್ದಳು. ಒಂದೇ ಊರಿನ ಎರಡು ಮನೆಗಳು ಒಂದೇ ವರ್ಷದ ಗಾಯವನ್ನು ಒಬ್ಬರಿಗೊಬ್ಬರು ಹೇಳದೆ ಸಾಕಿಕೊಂಡು ಬಂದಿದ್ದವು.

ಇದೆಲ್ಲ ಮನಸ್ಸಿನ ಮಾತಾಯಿತು, ದೇಹಕ್ಕೇನು ಸಂಬಂಧ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಒಂದು ಮುಖ್ಯ ಉತ್ತರ ದೊರೆತದ್ದು ಕರ್ನಾಟಕದಲ್ಲಿಯೇ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಪ್ರತಿ ಕೂಸಿನ ತೂಕವನ್ನು ಬರೆದಿಟ್ಟಿದ್ದರು. ಆ ಹಳೆಯ ದಫ್ತರ ಹಿಡಿದು, ಅಲ್ಲಿ ಹುಟ್ಟಿ ನಲವತ್ತು ದಾಟಿದ್ದ 517 ಮಂದಿಯನ್ನು ಸಂಶೋಧಕರು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆ, ಮೂರು ಕಿಲೋಗಿಂತ ತುಸು ಹೆಚ್ಚು ತೂಗಿದವರಲ್ಲಿ ನೂರಕ್ಕೆ 3 ಮಾತ್ರ. ತಾಯಿಯ ಹೊಟ್ಟೆಯ ಕೊರತೆ ಐವತ್ತು ವರ್ಷಗಳ ಅನಂತರ ಮಗುವಿನ ಎದೆಯಲ್ಲಿ ತಲೆಯೆತ್ತಿತ್ತು.

ಇಂಗ್ಲೆಂಡಿನ ಬಾರ್ಕರ್ ಎಂಬ ವೈದ್ಯರು ಈ ವಿಚಾರಕ್ಕೆ ತಳಪಾಯ ಹಾಕಿದವರು. ಗರ್ಭದಲ್ಲಿ ಆಹಾರ ಸಾಲದಾದಾಗ ಶಿಶು ಮೆದುಳನ್ನು ಕಾಪಾಡಿಕೊಂಡು ಉಳಿದೆಡೆ ಮಿತವ್ಯಯ ಮಾಡುತ್ತದೆ. ಹೊರಗೂ ಬರವೇ ಇದ್ದರೆ ಆ ಮಿತವ್ಯಯ ಕಾಪಾಡುತ್ತದೆ, ಹೊರಗೆ ಸಮೃದ್ಧಿ ಬಂದರೆ ಅದೇ ಮುಳುವಾಗುತ್ತದೆ ಎಂಬುದು ಅವರ ವಾದದ ಸಾರ. ಪುಣೆಯ ಡಾ. ಯಾಜ್ಞಿಕರು ಹಳ್ಳಿಗಳ ಕೂಸುಗಳನ್ನು ಅಳೆದು ನೋಡಿದಾಗ ಅವುಗಳ ಸರಾಸರಿ ತೂಕ 2.7 ಕಿಲೋ ಇತ್ತು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳದು 3.5 ಕಿಲೋ. ನಮ್ಮ ಕೂಸುಗಳಲ್ಲಿ ಕಡಿಮೆಯಾಗಿದ್ದದ್ದು ಮಾಂಸಖಂಡ. ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ನೋಡಲು ಸಣಕಲು, ಒಳಗೆ ಕೊಬ್ಬಿನ ಉಳಿತಾಯ. ಓದಿದಾಗ ನನಗೆ ಹಗೇವು ನೆನಪಾಯಿತು: ಮೇಲೆ ಬರಿ ನೆಲ, ಕೆಳಗೆ ಮುಚ್ಚಿಟ್ಟ ಕಾಳು.

ಹೊರದೇಶದ ಒಂದು ನಿದರ್ಶನವೂ ಇಲ್ಲಿಗೆ ಹೊಂದುತ್ತದೆ. ಎರಡನೆಯ ಮಹಾಯುದ್ಧದ ಕಡೆಯ ಚಳಿಗಾಲದಲ್ಲಿ, 1944-45ರಲ್ಲಿ, ಜರ್ಮನರ ದಿಗ್ಬಂಧನದಿಂದ ಹಾಲೆಂಡಿನ ಪಡುವಣ ಭಾಗ ಹಸಿವಿಗೆ ತುತ್ತಾಯಿತು. ಆಗ ಗರ್ಭದಲ್ಲಿದ್ದವರನ್ನು ಅರವತ್ತು ವರ್ಷಗಳ ಮೇಲೆ ಪರೀಕ್ಷಿಸಿದಾಗ, ಬೆಳವಣಿಗೆಗೆ ಸಂಬಂಧಿಸಿದ ಒಂದು ವಂಶವಾಹಿಯ ಮೇಲಿನ ರಾಸಾಯನಿಕ ಗುರುತುಗಳು ಅವರಲ್ಲಿ ಬೇರೆಯಾಗಿದ್ದುದು ಕಂಡುಬಂದಿತು. ಇದು 2008ರ ಸಂಶೋಧನೆ. ವಂಶವಾಹಿಯ ಅಕ್ಷರಗಳು ಬದಲಾಗಿರಲಿಲ್ಲ, ಅವನ್ನು ಓದುವ ಬಗೆಗೆ ಹಾಕಿದ ಗುರುತುಗಳು ಬದಲಾಗಿದ್ದವು. ಮುತ್ತಜ್ಜಿಯ ಭಯ ರಕ್ತದಲ್ಲಿಯೇ ಹರಿದುಬರುತ್ತದೆ ಎಂದು ಇದನ್ನು ಹಿಗ್ಗಿಸಿ ಹೇಳುವವರ ಮಾತಿಗೆ ನಾನು ಸೇರುವುದಿಲ್ಲ. ಹತ್ಯಾಕಾಂಡದಲ್ಲಿ ಬದುಕುಳಿದ ಯಹೂದಿಯರ ಮಕ್ಕಳ ಮೇಲೆ ನಡೆದ ಅಂಥ ಅಧ್ಯಯನ ಸಣ್ಣದು. ಅದರ ಬಗ್ಗೆ ವಿಜ್ಞಾನಿಗಳಲ್ಲಿಯೇ ತಕರಾರಿದೆ. ತಾಯಿಯ ಗರ್ಭ, ಮನೆಯ ರೂಢಿ, ಹಿರಿಯರ ಮೌನ: ನಮ್ಮ ಮನೆಗಳಿಗೆ ಈ ಮೂರು ದಾರಿಗಳೇ ಸಾಕಾಗಿದ್ದವು. ಬಸುರಿಗೆ ಅರೆಹೊಟ್ಟೆಯ ಬುದ್ಧಿ ಹೇಳುವ ರೂಢಿಯೇ ಗರ್ಭದ ಹಸಿವನ್ನು ಮುಂದಿನ ತಲೆಮಾರಿಗೆ ದಾಟಿಸುತ್ತಿತ್ತಲ್ಲವೇ?

1972ರ ಬರವನ್ನು ನಾನೇ ಕಂಡೆ. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಮೇಷ್ಟರು. ಮಕ್ಕಳ ಹಾಜರಿ ಪುಸ್ತಕ ಬರಿದಾಗುತ್ತ ಹೋಯಿತು. ತಂದೆತಾಯಿಯರೊಂದಿಗೆ ಅವರು ಬರಗಾಲದ ಕಾಮಗಾರಿಯಲ್ಲಿ ಜಲ್ಲಿ ಒಡೆಯುತ್ತಿದ್ದರು. ಗಂಜಿ ಕೇಂದ್ರದ ಸಾಲಿನಲ್ಲಿ ನಿಂತ ತಾಯಂದಿರಲ್ಲಿ ತುಂಬು ಬಸುರಿಯರಿದ್ದರು. ಆ ವರ್ಷ ಹುಟ್ಟಿದವರಿಗೆ ಈಗ ಐವತ್ತು ದಾಟಿದೆ.

ಮುಂದೆ ನೀರು ಬಂದಿತು. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆ ಮತ್ತು ಶಹಾಪುರ ಶಾಖಾ ಕಾಲುವೆಗಳಲ್ಲಿ ಕೃಷ್ಣೆ ಹರಿದಳು. ಜೋಳ, ಸಜ್ಜೆ, ತೊಗರಿ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತದ ನಾಟಿ ನಡೆಯಿತು. ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಅನ್ನ ಎರಡು ಹೊತ್ತಿನ ಊಟವಾಯಿತು. ಪುಂಡಿಪಲ್ಯ, ನುಚ್ಚು, ಅಂಬಲಿಗಳು ಹಿಂದೆ ಸರಿದವು. ಇದನ್ನು ಹಳಿಯುವವನಲ್ಲ ನಾನು. ಗಂಜಿಯ ಸಾಲನ್ನು ಕಂಡವನು ಅನ್ನವನ್ನು ಹಳಿಯಲಾರ. ಆದರೆ ನೀರು ಬಂದರೂ ರೂಢಿ ಬದಲಾಗಲಿಲ್ಲ. ಬರದ ನೆನಪಿನಲ್ಲಿ ಬೆಳೆದ ನಾವು ಮಕ್ಕಳಿಗೆ ಬೇಡವೆಂದರೂ ಬಡಿಸಿದೆವು. ತಟ್ಟೆಯಲ್ಲಿ ಅಗುಳು ಬಿಡುವುದು ಪಾಪ. ಆದ್ದರಿಂದ ಹೊಟ್ಟೆ ತುಂಬಿದ ಮೇಲೂ ಉಂಡೆವು. ಬೀಗರ ಮನೆಗೆ ಹೋದರೆ ಮೂರನೆಯ ಸಲದ ಅನ್ನವನ್ನು ಒಲ್ಲೆನೆಂದವನು ಸೊಕ್ಕಿನವನು. ಬರಕ್ಕೆಂದು ರೂಪುಗೊಂಡ ದೇಹಗಳಿಗೆ ಇಷ್ಟನ್ನು ತಾಳುವ ಶಕ್ತಿ ಇರಲಿಲ್ಲ. ನಮ್ಮ ಮನೆಯ ನಾಲ್ವರು ಒಡಹುಟ್ಟಿದವರಲ್ಲಿ ಮೂವರಿಗೆ ಸಕ್ಕರೆ ಕಾಯಿಲೆ. ಅಕ್ಕನ ಒಂದು ಕಾಲಿನ ಬೆರಳುಗಳನ್ನು ತೆಗೆಯಬೇಕಾಯಿತು. ಆಕೆ ಎಂದೂ ದಪ್ಪಗಿದ್ದವಳಲ್ಲ. “ನಾವೇನ ಸಾಹುಕಾರ್ರಾ, ನಮಗ್ಯಾಕ ಈ ಬ್ಯಾನಿ?” ಎಂದು ಕೇಳುತ್ತಿದ್ದಳು. ದೇಶದಲ್ಲಿ 10 ಕೋಟಿಗೂ ಮೀರಿ ಮಧುಮೇಹಿಗಳಿದ್ದಾರೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ಅಂದಾಜಿಸಿದೆ. ಅಕ್ಕನ ಪ್ರಶ್ನೆಯನ್ನು ಅವರಲ್ಲಿ ಎಷ್ಟು ಜನ ಕೇಳಿಕೊಂಡಿರಬಹುದು!

ಹಿರಿಯರಿಂದ ಬಂದುದೆಲ್ಲ ಗಾಯವೇ ಎಂದು ಯಾರೂ ಭಾವಿಸಬಾರದು. ತಿಂಗಳುಗಟ್ಟಲೆ ಕೆಡದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಣಗಿಸಿಟ್ಟ ಸೊಪ್ಪು, ಬಾಗಿಲಿಗೆ ಬಂದವನಿಗೆ ರೊಟ್ಟಿ ಇಲ್ಲವೆನ್ನದ ನಡತೆ ಇವೂ ಬರವೇ ಕಲಿಸಿದ ವಿದ್ಯೆಗಳು. ಸಕ್ಕರೆ ಕಾಯಿಲೆಯವರಿಗೆ ಜೋಳದ ರೊಟ್ಟಿ ಉಣ್ಣಿರೆಂದು ವೈದ್ಯರು ಚೀಟಿ ಬರೆದುಕೊಡುವಾಗ ನನಗೆ ಆಯಿಯ ಅಡುಗೆಮನೆ ಕಣ್ಣಮುಂದೆ ಬರುತ್ತದೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಇಳಿಸಿಡಬೇಕು ಎಂದು ಆರಿಸಿಕೊಳ್ಳಲು ಅದು ಎಲ್ಲಿಂದ ಬಂತೆಂದು ತಿಳಿದಿರಬೇಕು.

ಈ ವಿಚಾರ ನಮ್ಮಂಥ ಮುದುಕರಿಗೆ ಮಾತ್ರ ಸೇರಿದ್ದಲ್ಲ. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲಾದಾಗ ನನ್ನ ಸೇವೆಯ ಕೊನೆಯ ವರ್ಷಗಳು. ಕೆಲವು ಮಕ್ಕಳು ಎಡಗೈಯನ್ನು ತಟ್ಟೆಯ ಸುತ್ತ ಬೇಲಿಯಂತೆ ಇಟ್ಟು ಉಣ್ಣುತ್ತಿದ್ದರು. ಕೆಲವರು ಅರ್ಧವನ್ನು ತಂಗಿಗೆಂದು ಡಬ್ಬಿಗೆ ಹಾಕಿಕೊಳ್ಳುತ್ತಿದ್ದರು. ಅವರು ಕಲಿತದ್ದು ಪುಸ್ತಕದ ಬರವಲ್ಲ. ನಮ್ಮ ತಾಲ್ಲೂಕುಗಳಿಂದ ಜನ ಇಂದಿಗೂ ಪುಣೆ, ಮುಂಬಯಿ, ಬೆಂಗಳೂರುಗಳಿಗೆ ದುಡಿಯಲು ಹೋಗುತ್ತಾರೆ. ಮಕ್ಕಳು ಊರಿನಲ್ಲಿ ಆಯಿ ಮುತ್ಯಾರ ಕೈಯಲ್ಲಿ ಉಳಿಯುತ್ತಾರೆ, ಇಲ್ಲವೇ ಕಟ್ಟಡದ ನೆರಳಿನಲ್ಲಿ ಬೆಳೆಯುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಯಾದಗಿರಿ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಮೈಸೂರಿನ ಆ ಹಳೆಯ ದಫ್ತರ ಸುಳ್ಳು ಹೇಳದಿದ್ದರೆ, 2070ರ ಸುಮಾರಿಗೆ ಯಾರ ಎದೆ ನೋಯಲಿದೆ ಎಂಬುದು ಇಂದಿನ ನಮ್ಮ ಅಂಗನವಾಡಿಯ ತೂಕದ ಪುಸ್ತಕದಲ್ಲಿ ಬರೆದಾಗಿದೆ. 2017ರಲ್ಲಿ ಮೊದಲಾದ ಮಾತೃಪೂರ್ಣ ಯೋಜನೆ ಅಂಗನವಾಡಿಯಲ್ಲಿ ಬಸುರಿಗೆ ಬಿಸಿಯೂಟ ಹಾಕುವ ಏರ್ಪಾಡು. ಅಲ್ಲಿಗೆ ಹೋಗಲು ಸೊಸೆಗೆ ಅತ್ತೆ ಬಿಡುವಳೇ, ಹೋದವಳು ಹೊಟ್ಟೆ ತುಂಬ ಉಣ್ಣುವಳೇ ಎಂಬುದು ಸರ್ಕಾರಕ್ಕೆ ಸೇರಿದ ಮಾತಲ್ಲ, ಮನೆಗೆ ಸೇರಿದ್ದು.

ಹೊಸ ರೋಗಿ ಬಂದರೆ ಒಳ್ಳೆಯ ವೈದ್ಯರು ಮೊದಲು ಕೇಳುವುದು, ತಂದೆಗೆ ಏನಿತ್ತು, ತಾಯಿಗೆ ಏನಿತ್ತು ಎಂದು. ನಾವು ಕಾಯಿಲೆಯ ಹೆಸರು ಹೇಳಿ ಸುಮ್ಮನಾಗುತ್ತೇವೆ. ನಾನು ಒಂದು ನೂರು ಪುಟದ ನೋಟುಪುಸ್ತಕದಲ್ಲಿ ಮೊಮ್ಮಕ್ಕಳಿಗಾಗಿ ಇನ್ನೂ ಸ್ವಲ್ಪ ಹೆಚ್ಚು ಬರೆದಿಟ್ಟಿದ್ದೇನೆ: ಯಾವ ಬರದಲ್ಲಿ ಯಾರು ಉಳಿದರು, ಯಾವ ರಾತ್ರಿ ಎಲ್ಲಿಂದ ಎಲ್ಲಿಗೆ ನಡೆದರು, ಯಾರ ತೂಕ ಎಷ್ಟಿತ್ತು, ಯಾರು ಯಾವುದಕ್ಕೆ ಹೆದರುತ್ತಿದ್ದರು. ಕಳೆದ ವರ್ಷ ಮೊಮ್ಮಗಳು ಬಸುರಿಯಾಗಿ ಬಂದಾಗ ಅದನ್ನು ಓದಿ, “ಅಂದ್ರ ನಾ ಎರಡ ರೊಟ್ಟಿ ಹೆಚ್ಚಿಗಿ ತಿನ್ನಬೇಕು ಅಂತೀಯೇನ್ ಮುತ್ಯಾ?” ಎಂದು ನಕ್ಕಳು. ಹೌದು ತಾಯಿ ಎಂದೆ. ನಿಮ್ಮ ಮನೆಯಲ್ಲಿ ಹಿರಿಯರು ಇನ್ನೂ ಇದ್ದರೆ, ಅವರಿಗೆ ಹೇಳುವ ಮನಸ್ಸೂ ಇದ್ದರೆ, ಈ ಸುಗ್ಗಿಯ ಬಿಡುವಿನಲ್ಲಿ ಪಕ್ಕದಲ್ಲಿ ಕುಳಿತು ಕೇಳಿ ಬರೆದುಕೊಳ್ಳಿರಿ.